ಇನ್ನೊಂದು ಕಾರಿನ ಕೀಲಿ

ಕಾಂಟೆಸ್ಸಾ ಬಂದದ್ದು ಟ್ರ್ಯಾಕ್ಟರಿನ ಹಿಂದೆ, ಹಗ್ಗದಲ್ಲಿ,
ಕಬ್ಬಿನ ಗಾಡಿಗಳ ಸಾಲಿಗೆ ಸಿಕ್ಕಿಕೊಂಡು.
ಗುತ್ತಲು ರಸ್ತೆ ದಾಟಲು ಒಂದೂವರೆ ಗಂಟೆ.
ಒಂದು ಕಾಲಕ್ಕೆ ಇದಕ್ಕೆ ದಾರಿ ಬಿಟ್ಟು
ಸೈಕಲ್ಲುಗಳು ಚರಂಡಿಗೆ ಇಳಿಯುತ್ತಿದ್ದವಂತೆ.

ಬೆಲ್ಲದ ಮಂಡಿ ಸಣ್ಣಲಿಂಗಯ್ಯನವರ ಗಾಡಿ.
ಉದ್ದ ಮೂತಿ, ನಾಲ್ಕು ಕಣ್ಣು, ಅದರಲ್ಲೊಂದು ಕುರುಡು.
ಡಿಕ್ಕಿ ತೆಗೆದರೆ ಮೂವತ್ತು ವರ್ಷದ ಅಚ್ಚುಬೆಲ್ಲದ ಪುಡಿ,
ಆ ಪುಡಿಯ ಜಾಡು ಹಿಡಿದು ಬಂದ ಇರುವೆಗಳ ವಂಶ
ವೈರುಗಳ ಒಳಗೇ ಸಂಸಾರ ಹೂಡಿತ್ತು.
ವೈರಿಂಗು ನನ್ನ ಕೆಲಸ.
ಊದಿ ಊದಿ ಕಳಿಸಿದೆ, ಕೊಲ್ಲಲಿಲ್ಲ.
ಈ ಗಾಡಿಗೆ ಅವು ನನಗಿಂತ ಹಳಬರು.

"ಹಳೇ ಎಂಜಿನ್ನೇ ಇರ್ಲಿ" ಅಂದರು ಲಿಂಗಯ್ಯ.
ದಸ್ತಗೀರ್ ಉಸ್ತಾದರು ಒಂದು ಪಿಸ್ಟನ್ ಎತ್ತಿ
ಅವರ ಅಂಗೈಯಲ್ಲಿಟ್ಟರು,
ಡಾಕ್ಟರು ಕಿತ್ತು ತೋರಿಸುವ ಹುಳುಕು ಹಲ್ಲಿನ ಹಾಗೆ.
ಮಾತು ಅಲ್ಲಿಗೆ ಮುಗಿಯಿತು.

ಮದ್ದೂರಿನಾಚೆ ಹೈವೇಯಲ್ಲಿ ಪಲ್ಟಿಯಾದ ಇನ್ನೋವಾ,
ಅದರ ಎಂಜಿನ್ ಗುಜರಿಯಿಂದ ತಂದೆವು, ಜಡೆ ಸಮೇತ:
ನೂರಾರು ಎಳೆ, ನೀಲಿ ಪಟ್ಟೆಯ ಕಂದು, ಕಂದು ಪಟ್ಟೆಯ ನೀಲಿ.
ಬಿಚ್ಚಿ ಹೆಣೆಯಲು ಹತ್ತೊಂಬತ್ತು ದಿನ.
ಮಗಳ ತಲೆ ಬಾಚುವಾಗಲೂ
ನನ್ನ ಬೆರಳು ಬಣ್ಣ ಹುಡುಕುತ್ತಿದ್ದವು.
ಉಸ್ತಾದರು ಅಡ್ಡಪಟ್ಟಿ ಕೊಯ್ದರು, ಹೊಸ ಮೌಂಟು ಬೆಸೆದರು,
ಆದರೂ ಬಾನೆಟ್ಟು ಎರಡು ಬೆರಳಷ್ಟು ತೆರೆದೇ ನಿಂತಿತು,
ಹೇಳಬೇಕಾದ್ದನ್ನು ಬಾಯಲ್ಲೇ ಇಟ್ಟುಕೊಂಡವರಂತೆ.
ಮತ್ತೆ ಇಳಿಸು. ಮತ್ತೆ ಕೊಯ್ಯಿ.

ಬಣ್ಣ ಹೊಡೆದ ರಾತ್ರಿ ಸಕ್ಕರೆ ಫ್ಯಾಕ್ಟರಿಯ ಚಿಮಣಿ ಕೆಮ್ಮಿತು.
ಬೆಳಿಗ್ಗೆ ಹಸಿ ಹಸಿರಿನ ಮೇಲೆ ಕಬ್ಬಿನ ಮಸಿ,
ಎಳ್ಳು ಉದುರಿಸಿದ ಹಾಗೆ.
ಉಜ್ಜಿದೆವು. ಹೊಡೆದೆವು. ಮತ್ತೆ ಮಸಿ.
"ಬಿಡು, ಮಂಡ್ಯದ ಗಾಡಿ ಅಂತ ಗುರುತಿರ್ಲಿ" ಅಂದರು ಉಸ್ತಾದರು,
ಮೂರನೇ ಸಲ, ಸೋತು.

ಆಮೇಲೆ ಕೀಲಿ ತಿರುಗಿಸಿದೆವು.
ಸ್ಟಾರ್ಟರ್ ಸುತ್ತಿತು. ಡೀಸೆಲ್ ಬಂತು. ಕರೆಂಟು ಬಂತು.
ಎಂಜಿನ್ ಬರಲಿಲ್ಲ.
ನಾಲ್ಕು ದಿನ ನನ್ನ ಕೈಯನ್ನೇ ಬೈದುಕೊಂಡೆ.
ಐದನೇ ದಿನ ತಿಳಿಯಿತು,
ಅಂಗೈಯಗಲದ ಆ ಕಂಪ್ಯೂಟರ್ ಪೆಟ್ಟಿಗೆ
ತನ್ನ ಕೀಲಿಗಾಗಿ ಕಾಯುತ್ತಿದೆ.
ಆ ಕೀಲಿಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್;
ಆ ಕಾಳು ಹತ್ತಿರ ಬರದೆ
ಇದು ಯಾರ ಮಾತಿಗೂ ಏಳುವುದಿಲ್ಲ.

"ಇದಕ್ಕೆ ಎಲ್ಲಾ ಮರೆಸೋಕೆ ಮೈಸೂರಲ್ಲಿ ಜನ ಅವ್ರೆ" ಅಂದ
ಸ್ಪ್ಯಾನರ್ ಕೊಡುವ ಹುಡುಗ.
ಉಸ್ತಾದರು ಗುಜರಿಯವನಿಂದ ಹಳೆ ವಿಳಾಸ ಬರೆಸಿಕೊಂಡು
ನನ್ನ ಸ್ಕೂಟರಿನ ಹಿಂದೆ ಕೂತರು. ಪಾಂಡವಪುರ.

ಕುಮುದಾಕ್ಷಿ. ಇನ್ನೋವಾ ಬಾಡಿಗೆಗೆ ಓಡಿಸುತ್ತಿದ್ದವರು.
ಎಡ ಮುಂಗೈಯೊಳಗೆ ಈಗ ಉಕ್ಕಿನ ಪಟ್ಟಿ, ಏಳು ಸ್ಕ್ರೂ.
"ಗಾಡಿ ತೂಕಕ್ಕೆ ಹೋಯ್ತು. ಕೀಲಿ ಮಾತ್ರ ಯಾರೂ ಕೇಳ್ಲಿಲ್ಲ."
ಸಾಸಿವೆ ಡಬ್ಬಿಯಿಂದ ತೆಗೆದರು.
ಯಾವುದೋ ಮದುವೆ ಬಾಡಿಗೆಯ ಗುಲಾಬಿ ರಿಬ್ಬನ್ ಇನ್ನೂ ಅದರ ಕೊರಳಲ್ಲಿ.
ಉಸ್ತಾದರು ಜೇಬಿಗೆ ಕೈ ಹಾಕಿದರು.
"ದುಡ್ಡು ಬ್ಯಾಡಿ. ಒಂದೇ ಒಂದ್ ಸಲ
ನಾನೇ ಸ್ಟಾರ್ಟ್ ಮಾಡ್ತೀನಿ."

ಭಾನುವಾರ ಬಸ್ಸಿಳಿದು ಬಂದರು.
ದಿವಾನದಂಥ ಸೀಟಿನಲ್ಲಿ ಕೂತು, ಯಾರನ್ನೂ ಕೇಳದೆ
ಕನ್ನಡಿಯನ್ನು ತಮ್ಮ ಎತ್ತರಕ್ಕೆ ತಿರುಗಿಸಿಕೊಂಡರು.
ಸ್ಕ್ರೂಗಳಿರುವ ಕೈಯಲ್ಲಿ ತಮ್ಮ ಕೀಲಿ ಹತ್ತಿರ ಹಿಡಿದು
ಇನ್ನೊಂದು ಕೈಯಲ್ಲಿ ಕಾಂಟೆಸ್ಸಾದ್ದನ್ನು ತಿರುವಿದರು.

"ಜೀವ ಬಂತು!" ಅಂದರು ಲಿಂಗಯ್ಯ.
"ಡೀಸೆಲ್ ಬಂತು ಸ್ವಾಮಿ" ಅಂದರು ಉಸ್ತಾದರು,
ಮುಖ ಆಚೆ ತಿರುಗಿಸಿಕೊಂಡು.
ಕುಮುದಾಕ್ಷಿ ಏನೂ ಅನ್ನದೆ ಕಿವಿಗೊಟ್ಟಿದ್ದರು.
"ಮೂರ್ನೇ ಇಂಜೆಕ್ಟರು ಇನ್ನೂ ಹಂಗೇ ಟಕ್ ಅಂತದೆ.
ಶೋರೂಮಿನೋರು ನಂಬ್ತಾನೇ ಇರ್ಲಿಲ್ಲ."
ದೂರೋ, ಖುಷಿಯೋ.
ನೋಟುಬುಕ್ಕಿನಲ್ಲಿ ಬರೆದುಕೊಂಡೆ: ಮೂರನೆಯದು, ನೋಡಬೇಕು.

ಅವರು ಹೋದ ಮೇಲೆ ಆ ಕೀಲಿಯನ್ನು ರಿಬ್ಬನ್ ಸಮೇತ
ಕಪ್ಪು ಟೇಪಿನಲ್ಲಿ ಸುತ್ತಿ
ಡ್ಯಾಶ್‌ಬೋರ್ಡಿನ ಅಡಿ, ತಾಮ್ರದ ಬಳೆಯ ಪಕ್ಕ ಕೂರಿಸಿದೆ.
ಹೊರಗೆ ಕಾಣುವುದು ಮಂಡಿಯವರ ಹಳೆಯ ಕೀಲಿಯೊಂದೇ.
ಕನ್ನಡಿ ಸರಿಮಾಡಲು ಕೈ ಎತ್ತಿದೆ.
ಹಿಂದಿನ ಸೀಟಿನ ಹೊಲಿಗೆಯ ಮೇಲೆ
ಒಂದೇ ಒಂದು ಇರುವೆ ನಡೆಯುತ್ತಿತ್ತು.