ನೀರುನಾಯಿಯನ್ನು ಒಗೆದದ್ದು

ಪಂದ್ಯ ಮುಗಿದ ಮೂರನೇ ದಿನ
ಟೆಂಪೋದಲ್ಲಿ ಬಂತು ನಮ್ಮ ಗಂಜಾಮಿನ ಕಲ್ಲಿಗೆ,
ಹೋಟೆಲಿನ ಎಂಬತ್ತು ಬೆಡ್‌ಶೀಟಿನ ಗಂಟಿನ ಮೇಲೆ
ಕಾಲು ಮಡಚಿ ಕೂತು.

ಮೈಸೂರಿನ ಗೋಡೆಗೋಡೆಯ ಮೇಲೂ ಇತ್ತಲ್ಲ, ಅದೇ.
ಹದಿನಾಲ್ಕು ದೇಶದ ಬಾವುಟದ ನಡುವೆ
ಎರಡೂ ಕೈ ಚಾಚಿ 'ಬನ್ನಿ' ಅಂತಿದ್ದದ್ದು.
ಹೆಸರು ಕಾವೂ ಅಂತೆ. ಸಮಿತಿಯವರು ಇಟ್ಟದ್ದು.
ನಮ್ಮ ಕಡೆ ನೀರುನಾಯಿಗೆ ಯಾರೂ ಹೆಸರಿಟ್ಟವರಲ್ಲ;
ಬಲೆ ಹರಿದ ದಿನ ಮಾತ್ರ
ಅದರ ವಂಶವನ್ನೆಲ್ಲ ನೆನೆಯುತ್ತಿದ್ದರು.

'ತಲೆ ನೆನೆಸಬೇಡಿ, ಒಳಗೆ ಫ್ಯಾನಿದೆ' ಅಂದ ಡ್ರೈವರು.
ಇತ್ತು. ವೈರು ಕಿತ್ತಿತ್ತು.

ಹೊಟ್ಟೆಯ ಜಿಪ್ಪು ಎಳೆದೆ.
ಬೆನ್ನಗಲಕ್ಕೂ ಉಪ್ಪು,
ಕಟ್ಟೆ ಬತ್ತಿದಾಗ ಕೆಸರಿನ ಅಂಚಿಗೆ ಉಳಿಯುತ್ತಲ್ಲ, ಹಾಗೆ ಬೆಳ್ಳಗೆ.
ಮೂವತ್ತು ವರ್ಷ ಕೊಳೆ ಓದಿದವಳು ನಾನು.
ಎಣ್ಣೆ ಯಾವುದು, ಅರಿಶಿನ ಯಾವುದು,
ದಿಂಬಿಗೆ ಮುಖ ಒತ್ತಿ ಅತ್ತದ್ದು ಯಾವುದು, ಗೊತ್ತು.
ಇದು ಒಬ್ಬನೇ ಗಂಡಾಳಿನ ಬೆವರು.
ಎಡ ಪಾದದ ಸ್ಪಂಜು ಒಂದೇ ಮಗ್ಗುಲಿಗೆ ಸವೆದಿತ್ತು:
ಕುಂಟುತ್ತಾನೆ.

ತಲೆಯೊಳಗೆ ಕೈ ಹಾಕಿದರೆ
ಪೆಪ್ಪರ್‌ಮಿಂಟಿನ ಕಾಗದ, ಒಂದು ಬಸ್ ಟಿಕೆಟ್ಟು.
ಬಾಯಿಯ ಜಾಲರಿಯ ಪಕ್ಕ, ಅವನಿಗೆ ಹೊರಗಿನ ಲೋಕ ಕಾಣುತ್ತಿದ್ದ
ಬೆರಳಗಲದ ಜಾಗದಲ್ಲಿ, ಬಾಲ್‌ಪೆನ್ನಿನ ಅಕ್ಷರ.
ಚೆಲುವರಾಜುನ ಕೂಗಿ ಓದಿಸಿದೆ:
ಯತಿರಾಜ. ಮೇಲುಕೋಟೆ.
ಲಾಂಗ್ ಜಂಪ್. ಆರು ಮೀಟರ್ ತೊಂಬತ್ತೊಂದು.

ನೀರುನಾಯಿ ಮಾತಾಡಕೂಡದು ಅಂತ ರೂಲ್ಸಂತೆ.

ಮೈಯನ್ನು ಹೊಳೆಗೆ ಬಿಟ್ಟೆ.
ಕುಡಿಯಿತು, ಕುಡಿಯಿತು,
ತೋಳಿಂದ ಗುಳುಗುಳು ಗಾಳಿ ಬಿಟ್ಟು ಮತ್ತೆ ಕುಡಿಯಿತು.
ಎಷ್ಟು ದಿನದ ದಾಹವೋ,
ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರವಾಯಿತು.
ಆಚೆ ದಡದ ಜೊಂಡಿನಿಂದ ನಿಜವಾದವು ಮೂರು
ಕತ್ತೆತ್ತಿ ನೋಡಿ, ಏನೂ ಅನ್ನದೆ ಮುಳುಗಿದವು.

ಬಂಡೆಯ ಮೇಲೆ ತಲೆ ಒಂದೇ ನಗುತ್ತಿತ್ತು.
ಒಳಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ,
ಆ ಮೂರು ಸಾಲು ಬಿಟ್ಟು.

'ಆರು ತೊಂಬತ್ತೊಂದು ಅಂದ್ರೆ ಎಷ್ಟ್ಲಾ?'
ಅಂದರೆ ಅಕ್ಕನ ಮಗ ಹಗ್ಗ ತೋರಿಸಿದ.
ಡಬಲ್ ಬೆಡ್‌ಶೀಟು, ಅಂಚಿಗಂಚು ಸೇರಿಸಿ ಹರವಿದರೆ
ಮೂರು.

ಹರವಿದೆ.
ಒಂದು.
ಎರಡು. ಇಲ್ಲಿಗೇ ನನಗೆ ಎದುಸಿರು.
ಮೂರು.

ಅಷ್ಟು ದೂರ, ನೆಲ ಮುಟ್ಟದೆ.