ನಾಲ್ಕನೇ ಕೋಷ್ಟಕ

ಗದಗಿನ ಸ್ಟೇಶನ್ ರಸ್ತೆಯ ನಮ್ಮ ಪ್ರೆಸ್ಸಿಗೆ
ಆ ಬೇಸಗೆ ಬಂತು ಒಂದು ಮಹಾಪ್ರಬಂಧ.
ಅಮೆರಿಕದ ಗಣರಾಜ್ಯ ಇನ್ನೂ ಎಳೆಗೂಸಾಗಿದ್ದಾಗ
ಅದರ ದಂಡಿಗೆ ಹಿಟ್ಟು, ಬೂಟು, ಕಂಬಳಿ
ಯಾರು ಕಳಿಸಿದರು,
ದಾರಿಯಲ್ಲಿ ಯಾರು ನುಂಗಿದರು ಎಂಬುದರ ಮೇಲೆ.
ಬರೆದವರು ಮುಂಡರಗಿಯ ಪ್ರೊಫೆಸರ್ ಸಂಕಣ್ಣವರ.

ನಾನು ಅಕ್ಷರ ನೋಡುವವ.
ಅಂಕಿ ನೋಡಲಿಕ್ಕೆ ಬೆಟಗೇರಿಯಿಂದ ಸೈಕಲ್ ತುಳಿದು
ಬರುತ್ತಿದ್ದ ಅಂದಾನಪ್ಪ ಹೊಂಬಳ,
ಹದಿನೇಳು ವರ್ಷ ಮಿಲಿಟರಿ ಉಗ್ರಾಣದ ಸ್ಟೋರ್‌ಕೀಪರ್,
ಈಗ ಪೆನ್ಶನ್ನಿನ ಮೇಲೆ ಪುಟಕ್ಕೆ ಎಂಟಾಣೆ.
ಕಿವಿಯಲ್ಲಿ ಕೆಂಪು ಪೆನ್ಸಿಲ್, ಬಾಯಲ್ಲಿ ಎಲೆಯಡಿಕೆ,
ಕೂಡಿಸುವಾಗ ಮಾತ್ರ ಅಗಿಯುವುದು ನಿಲ್ಲುತ್ತಿತ್ತು.

ಎರಡು ದಿನ ಅವನಿಗೆ ಖುಷಿಯೋ ಖುಷಿ.
'ನೋಡ್ರಿಲ್ಲೆ, ಪೀಪಾಯಿ ಲೆಕ್ಕಕ್ಕ ತೂಕ ಬರದಿಲ್ಲ.
ಅರ್ಧ ಉಸುಕ ಇದ್ರೂ ಪೀಪಾಯಿ ಪೀಪಾಯಿನ.'
'ಗುತ್ತೇದಾರ ತಾನ ಸಹಿ ಮಾಡ್ಯಾನ, ತಾನ ಎಣಸ್ಯಾನ.
ಭಾರೀ ಶಾಣ್ಯಾ ಮಂದಿ.'
ಇನ್ನೂರು ವರ್ಷದಾಚೆಯ ಕಳ್ಳರನ್ನು
ಓಣಿಯ ಹುಡುಗರ ಹಾಗೆ ಹೆಸರು ಹಿಡಿದು ಬೈದ.

ಮೂರನೆಯ ದಿನ, ಪುಟ ನೂರಾ ಹನ್ನೆರಡು.
ನಾಲ್ಕನೇ ಕೋಷ್ಟಕ.
ಬೂಟು: ಕಳಿಸಿದ್ದು ಸಾವಿರದ ಇನ್ನೂರು ಜೊತೆ.
ನದಿಯಾಚೆಯ ಕೋಟೆಗೆ ಮುಟ್ಟಿದ್ದು ಏಳುನೂರಾ ನಲವತ್ತು.
ರಶೀದಿಯಲ್ಲಿ ಮಾತ್ರ ಸಾವಿರದ ಇನ್ನೂರೂ ಸಂದಾಯ.

ಪೆನ್ಸಿಲ್ ಅಲ್ಲೇ ನಿಂತಿತು.
ಟ್ರೆಡಲ್ ಕೂಡ ನಿಂತಿತ್ತು, ಕರೆಂಟು ಹೋಗಿ.

ಸಾಯಂಕಾಲ ಪ್ರೊಫೆಸರ್ ಬಂದು ಕಣ್ಣಾಡಿಸಿದರು.
'ಮೂಲ ದಾಖಲೆಯ ತಪ್ಪು ಅದು. ಇದ್ದಂಗ ಬಿಡ್ರಿ.'
ಅಂದಾನಪ್ಪ ಕುರ್ಚಿಯಿಂದ ಏಳಲಿಲ್ಲ.
'ಇದು ತಪ್ಪಲ್ರೀ ಸರ.
ಇದರೊಳಗ ಯಾವನೋ ಒಬ್ಬ ಮನಶ್ಯಾ ಅದಾನ.'

ಅವರು ನಕ್ಕು, ಚಹಾ ಕುಡಿದು, ಬಸ್ಸಿಗೆ ಹೋದರು.

ಆಮೇಲೆ ಕಂದೀಲಿನ ಬೆಳಕಿಗೆ ಮೊಳೆ ಜೋಡಿಸುವ ನನ್ನ ಕೈ ನೋಡುತ್ತ
ಅವನು ಹೇಳಿದ್ದು ಇಷ್ಟು:
ಒಂದು ಚಳಿಗಾಲ, ಬಹಳ ಎತ್ತರದ ಒಂದು ಡಿಪೋ.
ಉಣ್ಣೆಯ ಕಾಲುಚೀಲ ಮುನ್ನೂರು ಜೊತೆ.
ಟ್ರಕ್ಕು ಕೆಳಗೆಲ್ಲೋ ಸಿಕ್ಕಿಬಿದ್ದಿತ್ತು,
ಕಾಗದ ಮಾತ್ರ ಮೇಲೆ ಹತ್ತಿ ಬಂದಿತ್ತು.
ಸಾಹೇಬ ಅಂದ, ಸಹಿ ಹಾಕು, ಮಾಲು ನಾಳೆ ಬರ್ತದ.
'ಹಾಕಿದೆ.
ನನ್ನ ಅಕ್ಷರ ಆಗ ಭಾಳ ಚಂದಿತ್ತು.'

ಟ್ರಕ್ಕು ಬಂತೇ ಎಂದು ನಾನು ಕೇಳಲಿಲ್ಲ.

ಕೇಳುವ ಅಗತ್ಯ ಇರಲಿಲ್ಲ ಅನ್ನಬೇಕು. ಯಾಕೆಂದರೆ
ಶುಕ್ರವಾರಕ್ಕೊಮ್ಮೆ ಟಾಂಗಾಕೂಟದ ಹೋಟೆಲಿನಲ್ಲಿ ಅವನೆದುರು ಕೂರುವ
ನರೇಗಲ್ಲಿನ ಯಮನೂರಸಾಬನನ್ನು ನಾನು ಬಲ್ಲೆ.
ಎಡಗಾಲಿಗೆ ಮೂರು ಬೆರಳಿಲ್ಲ.
ಚಪ್ಪಲಿಗೆ ಚಿಂದಿ ತುರುಕಿಕೊಂಡು ನಡೆಯುತ್ತಾನೆ,
ಹಿಮ ತಿಂದಿತು ಎಂದು ನಗುತ್ತಾನೆ.
ಮೂವತ್ತು ವರ್ಷದಿಂದ ಆ ಮೇಜಿನ ಚಹಾ, ಗಿರ್ಮಿಟ್ಟು,
ಒಮ್ಮೆಯೂ ತಪ್ಪದೆ, ಅಂದಾನಪ್ಪನ ಖರ್ಚು.
ಸಾಬ ಅದನ್ನು ದೋಸ್ತಿ ಅಂದುಕೊಂಡಿದ್ದಾನೆ.
ದೋಸ್ತಿಯೂ ಹೌದು.

'ಆ ನಾಕನೂರಾ ಅರವತ್ತರ ಮಗ್ಗಲಕ ಒಂದು ಚಿಕ್ಕಿ ಹಾಕ್ರಿ,'
ಅಂದ ಅಂದಾನಪ್ಪ. 'ಕೆಳಗ ನಾ ಹೇಳತೇನಿ, ನೀವು ಬರೀರಿ.'
ಚಿಕ್ಕಿಯ ಮೊಳೆ ಹುಡುಕಿ ಇಟ್ಟೆ.
ಪೆನ್ಸಿಲ್ ಹಿಡಿದು ಕಾದೆ.
ಅವನು ಎಲೆಯಡಿಕೆ ಉಗುಳಿ ಬಂದ, ಬಾಯಿ ತೊಳೆದ,
ಕುಂತ,
ಎದ್ದ,
ಸೈಕಲ್ಲಿನ ಬೀಗ ತೆಗೆದ ಸದ್ದು ಕೇಳಿಸಿತು.

ಕೊನೆಯ ಕರಡಿನಲ್ಲಿ ಪ್ರೊಫೆಸರ್ ಆ ಚಿಕ್ಕಿಯನ್ನು ಹೊಡೆದುಹಾಕಿದ್ದರು.
ನಾನು ತೆಗೆಯಲಿಲ್ಲ.
ಇಪ್ಪತ್ತೈದು ವರ್ಷದ ಕೆಲಸದಲ್ಲಿ ಬೇಕಂತಲೇ ಬಿಟ್ಟ ತಪ್ಪು
ಅದೊಂದೇ.

ಕಾಲೇಜು ಲೈಬ್ರರಿಗಳಲ್ಲಿ ಈಗಲೂ ಒಂದೆರಡು ಪ್ರತಿ ಇರಬಹುದು.
ನೂರಾ ಹನ್ನೆರಡನೇ ಪುಟದಲ್ಲಿ
ಅಂಕಿಯ ಬಗಲಿಗೆ ಒಂದು ಚಿಕ್ಕಿ,
ಪುಟದ ಕೆಳಗೆ ಎರಡು ಬೆರಳು ಬಿಳಿ ಜಾಗ.