ಗಲಾಟೆ ಇಲ್ಲ

ಗಂಗೋತ್ರಿಯ ಗ್ರಂಥಾಲಯದಲ್ಲಿ ಯುದ್ಧಗಳಿಗೆ ಎರಡು ಕಪಾಟು.
ನಾಲ್ಕು ವರ್ಷ ಮಂಡ್ಯದಿಂದ ಬೆಳಗಿನ ರೈಲು ಹಿಡಿದು
ಬಂದು ಓದಿದ್ದೇನೆ:
ಗುಂಡು ಹಾರಿದ ತಾರೀಖು, ಗಡಿ ದಾಟಿದ ಗಂಟೆ,
ಎಣ್ಣೆಯ ಬೆಲೆ, ಮಂತ್ರಿಯ ಪಿತ್ತ,
ಎಲ್ಲಕ್ಕೂ ಅಡಿಟಿಪ್ಪಣಿ.

ಒಂದು ದೇಶದ ಪುಸ್ತಕ ಮಂಗಳವಾರ ಶುರುವಾಗುತ್ತದೆ,
ಎದುರು ದೇಶದ್ದು ಹಿಂದಿನ ಸೋಮವಾರ.
ತನಗೆ ಪೆಟ್ಟು ಬಿದ್ದ ದಿನವೇ
ಯಾರಿಗಾದರೂ ಮೊದಲ ಪುಟ.

ಇದನ್ನು ಮಂಚಯ್ಯನಿಗೆ ಹೇಳಿದೆ.
ಮೂವತ್ತೊಂದು ವರ್ಷ ನಾಲೆಯ ನೀರುಗಂಟಿ,
ಈಗ ತೂಬಿನ ಕಟ್ಟೆ ಮೇಲೆ ಕೂತು ಎಲೆ ಹಾಕುವುದಷ್ಟೇ ಕೆಲಸ.
"ನಮ್ಮಲ್ಲೂ ಅಂಗೇ ಕಣವ್ವ.
ಮೇಲ್ಗಡೆಯೋರು ತಲೆ ಒಡುದ್ರು ಅಂತ ಶುರು ಮಾಡ್ತಾರೆ,
ಕೆಳಗಡೆಯೋರು ಹಲಗೆ ಇಳುಸುದ್ರು ಅಂತ.
ಹಲಗೆಗೆ ಮುಂಚೆ ಒಂದ್ ಬೈಗುಳ ಇತ್ತು,
ಬೈಗುಳಕ್ ಮುಂಚೆ ಒಂದ್ ಎಮ್ಮೆ."

ಒಳಗಿಂದ ನೋಟ್‌ಬುಕ್ಕುಗಳ ಕಟ್ಟು ತಂದ,
ಸುಣ್ಣದ ಬೆರಳಿನ ಗುರುತು ಅಂಚಿಗೆಲ್ಲ.
ದಿನಾಂಕ, ನೀರಿನ ಅಡಿ, ಯಾರ ಸರದಿ,
ಕೊನೆಯ ಮನೆಯಲ್ಲಿ ಎರಡೇ ಮಾತು: ಗಲಾಟೆ ಇಲ್ಲ.
ಗಲಾಟೆ ಇಲ್ಲ. ಗಲಾಟೆ ಇಲ್ಲ.
ನೀರು ಮೊಣಕಾಲಿಗೂ ಬಾರದ ಮಾರ್ಚಿಯಲ್ಲೂ ಇಲ್ಲ.
ಹದಿನಾಲ್ಕು ಜನ ಮಚ್ಚು ಹಿಡಿದು ನಿಂತ ರಾತ್ರಿಯೂ ಇಲ್ಲ.
ಅದರ ಪಕ್ಕ ಸಣ್ಣಕ್ಷರದಲ್ಲಿ:
ಬೀಡಿ ಮುಗಿದಿತ್ತು. ಆ ಕಡೆಯವರನ್ನು ಕೇಳಿದರು. ಕೊಟ್ಟರು.

ಒಂದು ಪುಟ ಮಾತ್ರ ಖಾಲಿ. ಇಬ್ಬರು ಸತ್ತದ್ದು ಅವತ್ತೇ.
"ನಾನಿರ್ನಿಲ್ಲ. ಎಲೆಕ್ಷನ್ ಡ್ಯೂಟಿಗೆ ಹಾಕಿದ್ರು."
ನೀವಿದ್ದಿದ್ದರೆ ನಿಲ್ಲುತ್ತಿತ್ತಾ?
"ಯಾರಿಗ್ ಗೊತ್ತು ಬುಡು.
ನಲವತ್ ಗುದ್ದಲಿಗೆ ಹೊಸ ಕಾವು ಕೂರ್ಸಿದ್ದು
ಹದಿನೈದ್ ದಿನ ಮುಂಚೆ,
ಬಡಗಿ ಲೆಕ್ಕದಲ್ಲದೆ. ಅದ್ನೂ ಬರ್ಕೊ."

ಬರೆದುಕೊಂಡೆ. ಗದ್ದೆ ಬಯಲಲ್ಲಿ ಕೊಕ್ಕರೆಗಳು
ಈ ಬದು ಬಿಟ್ಟು ಆ ಬದುವಿಗೆ ಹಾರಿ ಕೂತವು.
"ಯಾಕಾಯ್ತು ಅಂತ ಪೊಲೀಸ್ನೋರು ಕೇಳುದ್ರು,
ಪೇಪರ್ನೋರು ಕೇಳುದ್ರು,
ಯಾಕ್ ಆಗ್ನಿಲ್ಲ ಅಂತ ಈ ಬುಕ್ಕ ತೆಗ್ದೋರು ಒಬ್ರೂ ಇಲ್ಲ.
ನೀನೂ ಎಮ್ಮೆ ವಿಚಾರಾನೇ ಕೇಳ್ತಿದ್ದೆ."

ಸೋಮವಾರ ಮತ್ತೆ ಗಂಗೋತ್ರಿ.
ಚೀಟಿ ತುಂಬುವಾಗ ಗ್ರಂಥಪಾಲಕರು ತಲೆಯೆತ್ತದೆ ಕೇಳಿದರು,
ಯಾವ ಯುದ್ಧ ಮೇಡಂ?
ಆಗದೇ ಹೋದದ್ದು ಸಾರ್, ಎಂದೆ,
ಎಷ್ಟಿದ್ದರೆ ಅಷ್ಟೂ.
ಅವರು ಪೆನ್ನಿನ ತುದಿ ಕಚ್ಚಿ ಸ್ವಲ್ಪ ಹೊತ್ತು ಯೋಚಿಸಿ
'ಇತರೆ' ವಿಭಾಗದಲ್ಲಿ ನೋಡಿ, ಎಂದರು.